ಮೊದಲ ಏನ್ ಕೇಳ್ತಿ?

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆ ಮರಿಲಿಂಗಮ್ಮನಿಗೆ ಬಾಯಿಪಾಠ. ದಿನಕ್ಕೊಮ್ಮೆಯಾದರೂ ಅದನ್ನು ಯಾರಿಗಾದರೂ ಹೇಳದಿದ್ದರೆ ಅವಳಿಗೆ ಉಂಡದ್ದು ಕರಗುತ್ತಿರಲಿಲ್ಲ. ಆದರೆ ತನ್ನ ಮನೆಯೊಳಗೇ ಒಂದು ಮಾತು, ಅದೂ ಕನ್ನಡದ್ದಲ್ಲದ, ಉರ್ದುವಿನದೂ ಅಲ್ಲದ ಒಂದು ಮಾತು, ದೀಪಾವಳಿ ಮುಗಿದ ವಾರದಲ್ಲೇ ಬಂದು ಇಷ್ಟು ರಂಪ ಮಾಡುತ್ತದೆಂದು ಅವಳು ಎಣಿಸಿರಲಿಲ್ಲ.

ಆ ಮಾತು ‘ಪರ್ಸನಲ್’.

ಸಂಜೆ ಎಲ್ಲರೂ ಊಟಕ್ಕೆ ಕುಳಿತಿದ್ದರು. ಪುಂಡಿಪಲ್ಯ, ರೊಟ್ಟಿ, ಶೇಂಗಾ ಹಿಂಡಿ. ಬಡಿಸುತ್ತಿದ್ದ ಸೊಸೆ ನಂದಿನಿ ಅತ್ತೆಯ ತಾಟಿಗೆ ಬಗ್ಗಿ ಮೆಲ್ಲಗೆ ಹೇಳಿದಳು.

“ಅತ್ತೀ, ಜಿಮ್ಮಿನ ಗಯಾಸಣ್ಣ ಹೇಳ್ಯಾನ್ರಿ, ಯುಗಾದಿ ಒಳಗ ಸರ್ಟಿಫಿಕೇಟ್ ತಂದ್ರ ನನಗ ಪರ್ಸನಲ್ ಟ್ರೇನರ್ ಮಾಡ್ತಾನಂತ.”

ಮಾವ ಬಸವಂತ್ರಾಯನ ಕೈಯಲ್ಲಿದ್ದ ರೊಟ್ಟಿಯ ಚೂರು ಬಾಯಿಗೆ ಹೋಗದೆ ನಿಂತಿತು. ಅವನು ಸೊಸೆಯ ಮುಖ ನೋಡಲಿಲ್ಲ. ಆ ಮನೆಯಲ್ಲಿ ಮಾವ ಸೊಸೆ ನೇರ ಮಾತಾಡುವ ರೂಢಿಯೇ ಇರಲಿಲ್ಲ. ನಂದಿನಿ ಈ ಮನೆಗೆ ಬಂದು ಒಂಬತ್ತು ವರ್ಷ. ಅಷ್ಟೂ ವರ್ಷ ಅವರ ನಡುವಿನ ಮಾತನ್ನು ಅತ್ತ ಇತ್ತ ಸಾಗಿಸಿದವಳು ಮರಿಲಿಂಗಮ್ಮನೇ.

“ಬಸ್ಯಾನವ್ವ, ಕೇಳ್ ಆಕಿಗಿ. ಯಾರಿಗಿ ಪರ್ಸನಲ್?” ಎಂದು ಹೆಂಡತಿಯ ಕಡೆ ತಿರುಗಿದ.

ಅವನ ಸಿಟ್ಟಿಗೂ ಕಾರಣವಿತ್ತು ಬಿಡಿ. ಶಹಾಪುರದ ಬಜಾರಿನಲ್ಲಿ ಯಾರಾದರೂ ಹೆಗಲ ಮೇಲೆ ಕೈ ಹಾಕಿ “ಜರಾ ಬಾಜೂಕ ಬಾ, ಒಂದು ಪರ್ಸನಲ್ ಮಾತದ” ಅಂದರೆ, ಒಂದೋ ಯಾರದೋ ಮಗಳು ಓಡಿಹೋಗಿರಬೇಕು, ಇಲ್ಲ ಅವನಿಗೆ ಕೈಗಡ ಬೇಕಾಗಿರಬೇಕು. ಮೂವತ್ತು ವರ್ಷ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡಿದ ಬಸವಂತ್ರಾಯನಿಗೆ ಆ ಶಬ್ದಕ್ಕೆ ಮೂರನೆಯ ಅರ್ಥ ಗೊತ್ತಿರಲಿಲ್ಲ.

“ಯಪ್ಪಾ, ಹಂಗಲ್ಲ,” ಎಂದು ಮಗ ಬಸಲಿಂಗ ನಡುವೆ ಬಂದ. ಅವನು ಸುರಪುರದ ದಾರಿಗೆ ಸಾಮಾನಿನ ಆಟೋ ಓಡಿಸುವವನು. ನಾಲ್ಕು ಜನರ ಮಾತು ಕೇಳಿದವನು. “ಒಬ್ಬೊಬ್ರ ಮೈ ನೋಡಿ ಒಬ್ಬೊಬ್ರಿಗಿ ಬ್ಯಾರೆ ಬ್ಯಾರೆ ಕಸರತ್ ಹೇಳಿಕೊಡೋದು. ಅಷ್ಟೇ. ಹೆಣ್ಮಕ್ಕಳಿಗೇ ಮತ್ತ.”

“ಮೈ ನೋಡಿ?” ಎಂದ ಬಸವಂತ್ರಾಯ. ಕೈ ತೊಳೆದು ಎದ್ದ.

ಮೊಮ್ಮಗಳು ಭಾಗಮ್ಮ, ಏಳು ವರ್ಷದ್ದು, ಅಜ್ಜನ ತಾಟಿನಲ್ಲಿ ಉಳಿದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡಿತು. ಯಾರ ಸಿಟ್ಟು ಯಾರ ಹೊಟ್ಟೆಗೋ!

ನಂದಿನಿ ವನದುರ್ಗದ ಹುಡುಗಿ. ಸಾಲೆಯಲ್ಲಿದ್ದಾಗ ಖೋ ಖೋ ಆಡಿ ತಾಲೂಕಿನ ತನಕ ಹೋಗಿಬಂದವಳು. ಎರಡು ವರ್ಷದ ಹಿಂದೆ, ಟೈರ್ ಅಂಗಡಿಯ ಮೇಲೆ ಗಯಾಸ ನಡೆಸುತ್ತಿದ್ದ ಜಿಮ್ಮಿಗೆ ಕಸ ಹೊಡೆಯಲು ಹೋಗಿದ್ದಳು. ಹನ್ನೊಂದರಿಂದ ಒಂದರವರೆಗೆ ಹೆಂಗಸರ ಬ್ಯಾಚು. ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ಮದುವೆಯಾಗಿ ಹೋದಮೇಲೆ ನಂದಿನಿ ಮೊದಲು ಎಣಿಕೆ ಹಾಕಿದಳು, ಆಮೇಲೆ ತಾನೇ ಮಾಡಿ ತೋರಿಸಿದಳು. ಕಲಿತದ್ದೆಲ್ಲ ನೋಡಿ ಕಲಿತದ್ದು. ಬ್ಯಾಚಿಗೆ ಬರುವ ಬ್ಯಾಂಕಿನ ಮೇಡಂ ಒಬ್ಬರು “ನೀ ಎಲ್ಲಿ ಕಲ್ತೀಯವ್ವ?” ಎಂದು ಕೇಳಿದ ದಿನ ಗಯಾಸನ ಮುಖ ಸಣ್ಣದಾಯಿತು. ಯುಗಾದಿಯೊಳಗೆ ಸರ್ಟಿಫಿಕೇಟಿನ ಕಾಗದ ಬಂದರೆ ಬ್ಯಾಚು ನಂದಿನಿಯದು, ಬರದಿದ್ದರೆ ಬೇರೆಯವರದು. ನಂದಿನಿಗೆ ಮತ್ತೆ ಕಸಬರಿಗೆ.

ಕಾಗದಗಳೋ, ಮೂರು ನಮೂನೆಯವು. ಮೊದಲನೆಯದು ಬಸಲಿಂಗನ ಫೋನಿನಲ್ಲಿತ್ತು: ಒಂದು ತಾಸು, ಇಪ್ಪತ್ತು ಪ್ರಶ್ನೆ, ತಪ್ಪಿದರೆ ಮತ್ತೆ ಒತ್ತಬಹುದು. ಎರಡನೆಯದು ಸುರಪುರದ ಕಲ್ಯಾಣ ಮಂಟಪವೊಂದರಲ್ಲಿ ಮೂರು ದಿನದ ತರಬೇತಿ. ಬಂಗಾರ ಬಣ್ಣದ ಮುದ್ರೆ, ಮೇಲೊಂದು ಟೀ ಶರ್ಟು. ಮೂರನೆಯದು ಯಾದಗಿರಿಯಲ್ಲಿ, ನಾಲ್ಕು ತಿಂಗಳು, ಪ್ರತಿ ಶನಿವಾರ ಐತವಾರ. ಕೊನೆಗೆ ಬರೆಯುವ ಪರೀಕ್ಷೆ, ಅದರ ಮೇಲೆ ಹತ್ತು ಜನರ ದಾಖಲೆ ಬರೆದು ಒಪ್ಪಿಸಬೇಕು. ನಾಪಾಸಾದರೆ ನಾಪಾಸು.

“ಇದ್ರಾಗ ವಿಚಾರ ಮಾಡೋದೇನದ?” ಎಂದ ಬಸಲಿಂಗ. “ಕಾಗದ ಕಾಗದೇ. ಗ್ವಾಡಿಗಿ ತೂಗಹಾಕೋದಕ್ಕ ಯಾವುದಾದ್ರೇನು?”

“ನಾ ಕಣ್ಣಿಲೆ ನೋಡಿ ಹೇಳ್ತೀನಿ,” ಎಂದಳು ಮರಿಲಿಂಗಮ್ಮ. ಸೊಸೆಯ ಮೇಲಿನ ಪ್ರೀತಿಗೆ ಅಂದದ್ದಲ್ಲ. ‘ಪರ್ಸನಲ್’ ಎಂಬುದು ಏನೆಂದು ತಿಳಿಯದೆ ಅವಳಿಗೆ ನಿದ್ದೆ ಬಂದಿರಲಿಲ್ಲ.

ಸುರಪುರದಲ್ಲಿ ಮಂಟಪದ ಬಾಗಿಲಿಗೇ ಮೇಜು ಹಾಕಿಕೊಂಡು ಒಬ್ಬ ಯುವಕ ಕುಳಿತಿದ್ದ. ಬಿಗಿ ಟೀ ಶರ್ಟು, ಕುತ್ತಿಗೆಗಿಂತ ದಪ್ಪನೆಯ ತೋಳು.

“ಹೆಸರೇನ್ರಿ? ಟೀ ಶರ್ಟ್ ಸೈಜ್ ಏನ್ರಿ? ಎರಡು ಫೋಟೊ, ಆಧಾರ್ ಝೆರಾಕ್ಸ್ ಕೊಡ್ರಿ.”

“ಮತ್ತೇನೂ ಕೇಳಲ್ಲೇನಪ್ಪ?” ಎಂದಳು ಮರಿಲಿಂಗಮ್ಮ.

“ಮತ್ತೇನ್ ಬೇಕ್ರಿ ಅಮ್ಮ? ಪಾಸು ಗ್ಯಾರಂಟಿ.”

“ನಾಪಾಸ್ ಆದೋರು ಯಾರೂ ಇಲ್ಲೇನು?”

“ಇಲ್ಲಿತನಕ ಒಬ್ರೂ ಇಲ್ರಿ.”

“ಹಂಗಾರ ನನಗೂ ಕೊಡ್ತೀಯೇನು?”

ಯುವಕ ತಲೆಯೆತ್ತಿ ನೋಡಿದ. ಐವತ್ತಾರು ವರ್ಷದ ಹೆಂಗಸು, ಇಳಕಲ್ ಸೀರೆ, ಸೊಂಟಕ್ಕೆ ಎಲೆಯಡಿಕೆಯ ಚೀಲ. ಒಂದು ಕಾಲಿನ ಮೇಲೆ ಭಾರ ಹಾಕಿ ಡೊಂಕಾಗಿ ನಿಂತಿದ್ದಾಳೆ.

“ಆಧಾರ್ ಅದ ಇಲ್ರಿ? ಇದ್ರ ನಿಮಗೂ ಕೊಡ್ತೀವಿ,” ಎಂದ. ಚೇಷ್ಟೆಗೆ ಅಂದದ್ದಲ್ಲ, ಖರೆ ಅಂದ. “ಇಬ್ರು ಬಂದ್ರ ಟೀ ಶರ್ಟ್ ಎರಡು.”

ತಿರುಗಿ ಬರುವಾಗ ಬಸ್ಸಿನಲ್ಲಿ ಮರಿಲಿಂಗಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನನಗೂ ಕೊಡ್ತಾನಂದ್ರ ಅದು ಸರ್ಟಿಫಿಕೇಟ್ ಅಲ್ಲವ್ವ, ಪುಠಾಣಿ ಕಟ್ಟೋ ಹಾಳಿ.”

ನಂದಿನಿ ನಗಲಿಲ್ಲ. “ಆದ್ರ ಅತ್ತಿ, ಮೂರೇ ದಿನ. ಕೆಲಸ ಉಳೀತದ. ಯಾದಗಿರಿದು ಮುಗಿಯೋದರಾಗ ಯುಗಾದಿ ಬಂದೇ ಬಿಡ್ತದ. ಅಷ್ಟರಾಗ ಗಯಾಸಣ್ಣ ಬ್ಯಾರೆ ಯಾರಿಗರ ತಂದ್ರ?”

ಅದಕ್ಕೊಂದು ಗಾದೆ ಹುಡುಕಿ ಸಿಗದೆ ಮರಿಲಿಂಗಮ್ಮ ಎಲೆಯಡಿಕೆಯ ಚೀಲ ಬಿಚ್ಚಿದಳು.

ಮರುದಿನ ಯಾದಗಿರಿ. ಮಹಡಿಯ ಮೇಲಿನ ಒಂದು ಉದ್ದ ಕೋಣೆ, ನಾಲ್ಕು ಚಾಪೆ, ಗೋಡೆಗೆ ಎಲುಬಿನ ಚಿತ್ರ. ಕಲಿಸುವ ಗುರುದೇವಿ ಮೇಡಂ ಸೀರೆಯ ಕೆಳಗೆ ಬೂಟು ಹಾಕಿದ್ದ ಐವತ್ತರ ಹೆಂಗಸು. ಹಿಂದೆ ದವಾಖಾನೆಯಲ್ಲಿ ಮುರಿದ ಕೈಕಾಲಿನವರಿಗೆ ನಡೆದಾಡಲು ಕಲಿಸುತ್ತಿದ್ದವರಂತೆ. ಅವರು ಮೆಟ್ಟಿಲ ತಲೆಯಲ್ಲಿ ನಿಂತು, ಮರಿಲಿಂಗಮ್ಮ ಒಂದೊಂದೇ ಮೆಟ್ಟಿಲನ್ನು ಪಕ್ಕವಾಗಿ ಏಡಿ ನಡೆದಂತೆ ಹತ್ತಿ ಬರುವುದನ್ನೇ ನೋಡುತ್ತಿದ್ದರು. ಕುರ್ಚಿ ಕೊಟ್ಟು ಕೂರಿಸಿ, ನಂದಿನಿಯ ಕಡೆ ತಿರುಗಿದರು.

“ಇವ್ರು ನಾಳಿ ನಿನ್ನ ಬ್ಯಾಚಿಗಿ ಬಂದ್ರ ಏನ್ ಮಾಡಸ್ತಿ?”

“ಹತ್ತು ಬೈಠಕ್ ರಿ ಮೇಡಂ. ಆಮ್ಯಾಲ...”

“ಅದು ಆಮ್ಯಾಲ. ಮೊದಲ ಏನ್ ಕೇಳ್ತಿ?”

ನಂದಿನಿ ಸೆರಗಿನ ತುದಿ ಹಿಡಿದುಕೊಂಡಳು. “ಕೇಳೋದೇನ್ರಿ ಮೇಡಂ. ನಮ್ಮ ಅತ್ತೀನೇ ಅದಾರ.”

“ಅದಕ್ಕೇ ಕೇಳಬೇಕು,” ಎಂದು ಮೇಡಂ ಒಂದು ಹಾಳೆ ತೆಗೆದರು. ಕನ್ನಡದಲ್ಲಿ ಅಚ್ಚಾದ ಇಪ್ಪತ್ತೆಂಟು ಪ್ರಶ್ನೆ. ತಾವೂ ಒಂದು ಕುರ್ಚಿ ಎಳೆದುಕೊಂಡು ಮರಿಲಿಂಗಮ್ಮನ ಎದುರು ಕೂತು, ಅವಸರವಿಲ್ಲದೆ ಕೇಳತೊಡಗಿದರು. ಮೊಣಕಾಲು ಯಾವಾಗಿನಿಂದ ನೋಯುತ್ತದೆ? ಏಳುವಾಗ ಹೆಚ್ಚೋ ಕೂರುವಾಗ ಹೆಚ್ಚೋ? ತಲೆ ತಿರುಗುತ್ತದೆಯೇ? ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ? ಕೆಮ್ಮಿದಾಗ ಸೀರೆ ಒದ್ದೆಯಾಗುತ್ತದೆಯೇ?

ಈ ಪ್ರಶ್ನೆಗೆ ಮರಿಲಿಂಗಮ್ಮ ಬಾಗಿಲ ಕಡೆ ನೋಡಿ, ಗಂಡಸರಿಲ್ಲವೆಂದು ಖಾತ್ರಿ ಮಾಡಿಕೊಂಡು, “ಹೌದ್ರಿ” ಎಂದಳು. ಹದಿನೈದು ವರ್ಷದಿಂದ ಯಾರಿಗೂ ಹೇಳದ ಮಾತು ಅದು.

“ಎಷ್ಟು ಹೆರಿಗಿ ಆಗ್ಯಾವ್ರಿ?”

“ನಾಲ್ಕು.”

ನಂದಿನಿ ತಟ್ಟನೆ ತಿರುಗಿ ನೋಡಿದಳು. ಮನೆಯಲ್ಲಿದ್ದ ಲೆಕ್ಕ ಎರಡು: ಬಸಲಿಂಗ, ಮತ್ತು ಸಗರಕ್ಕೆ ಕೊಟ್ಟ ಮಗಳು. ಮೇಡಂ ಮಾತ್ರ ಹೌಹಾರಲಿಲ್ಲ, ಅಯ್ಯೋ ಎನ್ನಲಿಲ್ಲ. ‘ನಾಲ್ಕು’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದರು. ಮರಿಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ದುಃಖಕ್ಕಲ್ಲ. ಯಾರೋ ಗೊತ್ತಿಲ್ಲದವರು ತನ್ನನ್ನು ಎದುರಿಗೆ ಕೂರಿಸಿಕೊಂಡು, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡರಲ್ಲ, ಅದಕ್ಕೆ.

ತಿರುಗಿ ಬರುವ ಬಸ್ಸು ಭೀಮಾ ನದಿಯ ಸೇತುವೆ ದಾಟುವಾಗ ನಂದಿನಿ ಕೇಳಿದಳು. “ಅತ್ತೀ, ನಾಲ್ಕು ಅಂದ್ರಿ.”

“ಹೂಂ. ಬಸ್ಯಾಕಿಂತ ಮುಂಚೆ ಎರಡು. ಉಳೀಲಿಲ್ಲ. ಬಸ್ಯಾಗೂ ಗೊತ್ತಿಲ್ಲ.” ಬಗ್ಗಿ ಮೊಣಕಾಲು ನೀವಿಕೊಂಡಳು. “ಚಲೋ ಕೇಳ್ತಾಳವ್ವ ಆ ಮೇಡಂ. ಹಂಗ ಕೇಳಿದ್ರ ಅರ್ಧ ಬ್ಯಾನಿ ಅಲ್ಲೇ ಇಳೀತದ. ಕಲಿಯೂದಾದ್ರ ಅದನ್ನ ಕಲಿ.”

ಮನೆಯಲ್ಲಿ ಜಗಳ ಎರಡು ದಿನ ನಡೆಯಿತು.

“ನಾಕ್ ತಿಂಗಳು, ಶನಿವಾರ ಐತವಾರ, ಮನಿ ಯಾರ್ ನೋಡ್ಬೇಕು? ಕೇಳ್ ಆಕಿಗಿ,” ಎಂದ ಬಸವಂತ್ರಾಯ.

“ಆಕಿಗಿ ಯಾಕ ಕೇಳ್ಲಿ? ನಾ ನೋಡ್ತೀನಿ.”

“ಯವ್ವಾ, ಮೂರು ದಿನದ್ದು ಇದ್ದಾಗ ನಾಕು ತಿಂಗಳದ್ದು ಯಾಕ ಬೇಕು?” ಎಂದ ಬಸಲಿಂಗ.

“ಮೂರು ದಿನದಾಗ ರೊಟ್ಟಿ ಬಡಿಯಾಕ ಬರ್ತದೇನ್ಲೆ?” ಬಸ್ ನಿಲ್ದಾಣದ ಖಾನಾವಳಿಗೆ ದಿನವೂ ಖಡಕ್ ರೊಟ್ಟಿ ಬಡಿದುಕೊಡುವವಳ ಮಾತು ಅದು, ಎದುರು ಹೇಳುವವರಿರಲಿಲ್ಲ. “ನಿನ್ನ ಹೆಂಡ್ತಿ ಬಂದ ಹೊಸತಾಗ ಬಡದದ್ದು ರೊಟ್ಟಿನಾ ಅದು? ಸಾಲ್ಯಾಗಿನ ನಕಾಶಿ. ದುಂಡಗಾಗಾಕ ವರ್ಷ ಹಿಡೀತು. ಮಂದಿ ಮೈ ರೊಟ್ಟಿಕಿಂತ ಅಗ್ಗದ್ದೇನು?”

“ಹೆಚ್ಚುಕಮ್ಮಿ ಆಗಿ ಕೆಲಸ ಹೋದ್ರ?” ಎಂದ ಬಸಲಿಂಗ ಮತ್ತೆ.

“ನನ್ನ ಮಾತಿನ ಮ್ಯಾಲ ಹೋಗಾಕತ್ತಾಳ. ಹೆಚ್ಚುಕಮ್ಮಿ ಆದ್ರ ನನಗ ಅನ್ರಿ. ಫೀಸೂ ರೊಟ್ಟಿ ದುಡ್ಡಿನಾಗ ನಾನೇ ಕೊಡ್ತೀನಿ.”

ಅಂದುಬಿಟ್ಟಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಂಥ ದೊಡ್ಡ ಮಾತಿಗೆ ಅವಳು ಒಬ್ಬಳೇ ಜಾಮೀನು ನಿಂತದ್ದು ಅದೇ ಮೊದಲು.

ಮೊದಲ ಶನಿವಾರ ಮನೆ ಮನೆಯಾಗಿರಲಿಲ್ಲ. ಬಸಲಿಂಗ ಮಗಳಿಗೆ ಹಾಕಿದ ಜಡೆ ಸಾಲೆಯ ಗೇಟು ಮುಟ್ಟುವ ಮೊದಲೇ ಬಿಚ್ಚಿಹೋಯಿತು. ನಳ ಬಂದದ್ದು ಯಾರಿಗೂ ತಿಳಿಯದೆ ನೀರು ತುಂಬಲಿಲ್ಲ. ಮರಿಲಿಂಗಮ್ಮ ಒಬ್ಬಳೇ ರೊಟ್ಟಿ ಬಡಿದು ಬಡಿದು ಮಣಿಕಟ್ಟಿಗೆ ಬಾವು ಬರಿಸಿಕೊಂಡಳು. ಮಧ್ಯಾಹ್ನದ ಊಟಕ್ಕೆ ಬರಿ ರೊಟ್ಟಿ, ಹಿಂಡಿ.

“ಪಲ್ಯ ಎಲ್ಲದ?” ಎಂದ ಬಸವಂತ್ರಾಯ.

“ಯಾದಗಿರಿಗಿ ಹೋಗ್ಯದ. ಬೇಕಾದ್ರ ಹಿಟ್ಟು ಸಾಣಿಸ್ರಿ, ನಾ ಪಲ್ಯ ಹಚ್ತೀನಿ.”

ಅವನು ಗೊಣಗುತ್ತ ಕೂತು ಎಡಗೈಯಿಂದ ಹಿಟ್ಟು ಸಾಣಿಸಿದ. ಮೂರನೆಯ ವಾರದ ಹೊತ್ತಿಗೆ ಗೊಣಗುವುದನ್ನು ಬಿಟ್ಟ. ಜಡೆಯೂ ಸಾಲೆ ಮುಟ್ಟತೊಡಗಿತು.

ನಂದಿನಿ ಕಲಿತು ಬಂದದ್ದನ್ನೆಲ್ಲ ಅತ್ತೆಯ ಮೇಲೆ ಪ್ರಯೋಗ ಮಾಡಿದಳು. ಕುರ್ಚಿಯ ಮೇಲೆ ಕೂಡುವುದು, ಏಳುವುದು; ಹತ್ತು ಸಲ, ಬೆಳಿಗ್ಗೆ ಸಂಜೆ.

“ಕುಂತು ಏಳೋದೂ ಒಂದು ಕಸರತ್ತೇನವ್ವ? ಹುಟ್ಟಿದಾಗಿಂದ ಅದನ್ನೇ ಮಾಡಾಕತ್ತೀನಿ.”

“ಕೈ ಊರಲಾರದ ಏಳ್ರಿ ನೋಡೂನು.”

ಏಳಲಾಗಲಿಲ್ಲ. ಆ ಛಲಕ್ಕೇ ಮರಿಲಿಂಗಮ್ಮ ದಿನವೂ ಮಾಡಿದಳು. ಸಂಕ್ರಾಂತಿಯ ಹೊತ್ತಿಗೆ ಕೈಯೂರದೆ ಏಳುತ್ತಿದ್ದಳು. ಓಣಿಯ ಹೆಂಗಸರನ್ನು ಕರೆದು ಎದ್ದು ತೋರಿಸುತ್ತಿದ್ದಳು ಕೂಡ.

ಸಂಕ್ರಾಂತಿಯ ಮರುದಿನವೇ ಆಗಬಾರದ್ದು ಆಯಿತು. ಗಯಾಸ ಯುಗಾದಿಯ ತನಕ ಕಾಯದೆ ಹನ್ನೊಂದರ ಬ್ಯಾಚಿಗೆ ನಜೀಮಾ ಎಂಬ ಹುಡುಗಿಯನ್ನು ತಂದು ನಿಲ್ಲಿಸಿದ. ಅವಳ ಬಳಿ ಬಂಗಾರ ಮುದ್ರೆಯ ಸುರಪುರದ ಕಾಗದವಿತ್ತು. ನಂದಿನಿ ಕಸಬರಿಗೆ ಹಿಡಿದಳು.

“ಹೇಳಿದ್ನಿಲ್ಲ?” ಎಂದು ಬಸಲಿಂಗ ತಾಟು ಸರಿಸಿದ. “ಮೂರು ದಿನದಾಕಿ ಬ್ಯಾಚ್ ತಗೊಂಡ್ಲು. ನಾಕು ತಿಂಗಳದಾಕಿ ಫರಸಿ ಒರಸಾಕತ್ತಾಳ. ಯವ್ವಾ, ನೀನೇ ಹೇಳೀಗ.”

ಬಸವಂತ್ರಾಯ ಉಂಡು ಕೈ ತೊಳೆದು ಹೊರಗೆ ಹೋದ. ಅವನು ಒಂದು ಮಾತು ಅಂದಿದ್ದರೇ ಮರಿಲಿಂಗಮ್ಮನಿಗೆ ಹಗುರವಾಗುತ್ತಿತ್ತು. ಒಲೆಯ ಮುಂದೆ ಕೂತು, ನಾನು ಯಾಕೆ ಬಾಯಿ ಹಾಕಿದೆ, ಹುಡುಗಿಯ ಅನ್ನದ ದಾರಿ ಕೆಡಿಸಿದೆನೇ ಎಂದು ಒಳಗೊಳಗೇ ಬೆಂದಳು. ನಂದಿನಿಯ ಮುಖ ನೋಡಲು ಹೆದರಿಕೆಯಾಯಿತು.

“ಬಿಟ್ಟುಬಿಡ್ತೀಯೇನವ್ವ?” ಎಂದು ಕೊನೆಗೆ ಕೇಳಿದಳು.

“ಬಿಡಲ್ರಿ ಅತ್ತಿ. ಈ ವಾರ ಹೆಗಲಿನ ಪಾಠ ಅದ,” ಎಂದಳು ನಂದಿನಿ. ಬ್ಯಾಗಿಗೆ ಬುತ್ತಿ ಕಟ್ಟಿಕೊಂಡು ಹೊರಟಳು.

ಎರಡು ವಾರ ಕಳೆದಿತ್ತು. ಒಂದು ಮಧ್ಯಾಹ್ನ ನಜೀಮಾ ಹುಡುಕಿಕೊಂಡು ಮನೆಗೇ ಬಂದಳು. ಬುರ್ಖಾದ ಮುಸುಕು ತೆಗೆದಾಗ ನೋಡಿದರೆ ಮುಖ ಬಿಳಿಚಿತ್ತು, ವಯಸ್ಸು ಇಪ್ಪತ್ತೋ ಇಪ್ಪತ್ತೊಂದೋ. ಆ ದಿನ ಬ್ಯಾಚಿನಲ್ಲಿ, ಇದೇ ಓಣಿಯ ದರ್ಜಿ ಕೆಲಸದ ಮದೀನಾಬೀ ತಲೆ ತಿರುಗಿ ಕೂತುಬಿಟ್ಟಿದ್ದಳು. ನೀರು ಕುಡಿದು, ಗಾಳಿಗೆ ಕೂತು, ಸುಧಾರಿಸಿಕೊಂಡು ಮನೆಗೆ ಹೋದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಬಿಪಿ ಗುಳಿಗೆ ನುಂಗುವ ಹೆಂಗಸೆಂದು ನಜೀಮಾಗೆ ಗೊತ್ತೇ ಇರಲಿಲ್ಲ.

“ಅಕ್ಕ, ನಾ ಕೇಳ್ಲೇ ಇಲ್ರಿ. ಕೇಳಬೇಕಂತ ಯಾರೂ ಹೇಳೇ ಇಲ್ಲ,” ಎಂದು ಅತ್ತಳು. “ನನಗ ಮೂರು ದಿನ ಕಲಿಸ್ಯಾರ. ಆ ಮೂರು ದಿನದ್ದು ಮುಗೀತ್ರಿ. ಮುಂದೇನ್ ಮಾಡಬೇಕು ತಿಳೀವಲ್ದು. ನಿಮ್ಮ ಹತ್ರ ಒಂದು ಪ್ರಶ್ನಿ ಹಾಳಿ ಅದ ಅಂತಾರಲ್ಲ, ಅದು ಜರಾ ತೋರಸ್ತೀರೇನ್ರಿ?”

ಮರಿಲಿಂಗಮ್ಮನಿಗೆ ಒಂದು ಕ್ಷಣ ಒಳಗೆಲ್ಲೋ ಕುಣಿಯುವಂತಾಯಿತು, ಸುಳ್ಳು ಯಾಕೆ ಹೇಳಬೇಕು. ಮರುಕ್ಷಣವೇ ಆ ಹುಡುಗಿ ಅಳುವುದನ್ನು ನೋಡಿ ನಾಚಿಕೆಯಾಯಿತು. ರೊಟ್ಟಿ, ಮೊಸರು ತಂದು ಮುಂದಿಟ್ಟಳು. “ಮೊದಲ ಉಣ್ಣು. ಇಬ್ರೂ ಕೂಡಿ ಓದ್ಕೋರಿ.”

ನಂದಿನಿ ಹಾಳೆ ತಂದಳು. ಒಂದು ಮಾತು ಚುಚ್ಚಿ ಆಡಲಿಲ್ಲ. ಮರುವಾರದಿಂದ ಗಯಾಸನ ಜಿಮ್ಮಿನಲ್ಲಿ ಹೆಸರಿನ ಪಟ್ಟಿಯ ಜೊತೆಗೆ ಇಪ್ಪತ್ತೆಂಟು ಪ್ರಶ್ನೆಯೂ ಬಂತು. ನಂದಿನಿ ಕೇಳುವಳು, ನಜೀಮಾ ಬರೆಯುವಳು. ಗಯಾಸ ಮೊದಲು “ಇದೇನ್ ಪೊಲೀಸ್ ಠಾಣೆಯೇನು?” ಎಂದ. ಹೆಂಗಸರು ಮಾತ್ರ ತಮ್ಮ ಸರದಿಗೆ ಕಾದು ಕೂತು ಹೇಳಿಕೊಂಡರು. ಯುಗಾದಿಗೆ ಕಾಗದ ಬಂದರೆ ಬ್ಯಾಚು ಅಕ್ಕನದೇ, ನಾನು ಅವಳ ಕೈಕೆಳಗೆ ಇರುತ್ತೇನೆ, ಮುಂದಿನ ಸಲ ಯಾದಗಿರಿಗೆ ನಾನೂ ಹೋಗುತ್ತೇನೆ ಎಂದು ನಜೀಮಾಳೇ ಗಯಾಸನಿಗೆ ಹೇಳಿದಳಂತೆ.

ಮಾರ್ಚಿನಲ್ಲಿ ಬರೆಯುವ ಪರೀಕ್ಷೆ ಪಾಸಾಯಿತು. ಬಸಲಿಂಗ ಆಟೋದಿಂದ ಇಳಿಯುತ್ತಲೇ ಜಿಲೇಬಿಯ ಪೊಟ್ಟಣ ಅವ್ವನ ಕೈಗೆ ಕೊಟ್ಟ. ಹೆಂಡತಿಯ ಕೈಗಲ್ಲ, ಅವ್ವನ ಕೈಗೆ. ಅಷ್ಟೇ ಅವನ ಕ್ಷಮಾಪಣೆ.

ಇನ್ನುಳಿದದ್ದು ಹತ್ತು ಜನರ ದಾಖಲೆ. ಒಂಬತ್ತು ಆಗಿತ್ತು. ಹತ್ತನೆಯದು ಅರವತ್ತು ದಾಟಿದ, ಮೈಮುರಿದು ದುಡಿದ ಗಂಡಸಿನದೇ ಆಗಬೇಕೆಂದು ಗುರುದೇವಿ ಮೇಡಂ ಹಟ ಹಿಡಿದಿದ್ದರು. ಶನಿವಾರ ಒಪ್ಪಿಸದಿದ್ದರೆ ಕಾಗದವಿಲ್ಲ. ನಂದಿನಿಗೆ ತಂದೆ ಇಲ್ಲ. ಓಣಿಯ ಮುದುಕರ ಎದುರು ಕೂತು ಪ್ರಶ್ನೆ ಕೇಳುವಂತಿಲ್ಲ. ಇದ್ದವನು ಮಾವ ಒಬ್ಬನೇ, ಅವನ ಜೊತೆ ಮಾತೇ ಇಲ್ಲ.

“ಸುಮ್ಕ ನೀನೇ ಏನರ ಬರ್ದು ಹಾಕು. ಯಾರ್ ನೋಡ್ತಾರ?” ಎಂದ ಬಸಲಿಂಗ.

“ಹಂಗ ಬರೆಯೂದಿದ್ರ ನಾ ಸುರಪುರಕ್ಕೇ ಹೋಗ್ತಿದ್ದೆ,” ಎಂದಳು ನಂದಿನಿ.

ಗುರುವಾರ ಬೆಳಿಗ್ಗೆ. ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಬಸವಂತ್ರಾಯ ಹೊರಗಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಮರಿಲಿಂಗಮ್ಮ ಹಿಟ್ಟು ನಾದುತ್ತ, ಅವನಿಗೂ ಕೇಳಿಸಲೆಂದೇ ದನಿ ಎತ್ತಿ ಸೊಸೆಗೆ ಹೇಳಿದಳು. “ಇದಕ್ಕ್ಯಾಕ ಇಷ್ಟು ಫಿಕರು? ಮೂವತ್ತೆಂಟು ವರ್ಷ ಬಾಳ್ವಿ ಮಾಡೀನಿ. ಅವರದು ನನಗ ಗೊತ್ತಿಲ್ಲದ್ದು ಏನದ? ಕೇಳು, ನಾ ಹೇಳ್ತೀನಿ.”

ಬೇರೆ ದಾರಿ ಕಾಣದೆ ನಂದಿನಿ ಹೊಸ್ತಿಲ ಒಳಗೆ ಹಾಳೆ ಹಿಡಿದು ಕೂತಳು. “ವಯಸ್ಸು?”

“ಅರವತ್ಮೂರು.”

“ಬಿಪಿ, ಸಕ್ರಿ?”

“ಏನೂ ಇಲ್ಲ. ಕಲ್ಲು ಇದ್ದಂಗ ಅದಾರ.”

“ನಿದ್ದಿ?”

“ಎಮ್ಮಿ ಮಲಗಿದಂಗ ಮಲಗ್ತಾರ. ಬರಿ.”

“ಎಲ್ಲೆರ ನೋವು?”

“ಇಲ್ಲ. ಇದ್ದಿದ್ರ ಮನಿ ತಲಿ ಮ್ಯಾಲ ಹೊರ್ತಿದ್ರು.”

“ಎಂದರ ಬಿದ್ದು ಪೆಟ್ಟು ಮಾಡ್ಕೊಂಡಾರೇನ್ರಿ?”

“ಇಲ್ಲ. ಮೂವತ್ತು ವರ್ಷ ಹೊತ್ತಾರ, ಒಂದು ಮುಳ್ಳು ಸೈತ ಮುರಿದಿಲ್ಲ. ಇಲ್ಲ ಅಂತ ಬರಿ.”

“ಬರಿಬ್ಯಾಡವ್ವ.”

ನಂದಿನಿಯ ಪೆನ್ನು ನಿಂತಿತು. ಮರಿಲಿಂಗಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಬಸವಂತ್ರಾಯ ತಿರುಗಿರಲಿಲ್ಲ, ಎದುರಿನ ಗೋಡೆಯನ್ನೇ ನೋಡುತ್ತ, ಒಂಬತ್ತು ವರ್ಷದಲ್ಲಿ ಮೊದಲ ಸಲ ಸೊಸೆಗೆ ನೇರ ಮಾತಾಡಿದ್ದ.

“ಇಲ್ಲ ಅಂತ ಬರಿಬ್ಯಾಡ. ಬಿದ್ದೀನಿ,” ಎಂದ. “ಹತ್ತಿ ಮಿಲ್ಲಿನಾಗ. ಲಾರಿಗಿ ಹಲಗಿ ಇಟ್ಟಿದ್ರು, ಬೆನ್ನ ಮ್ಯಾಲ ಹತ್ತಿ ಅಂಡಗಿ ಭಾರ ಇತ್ತು. ಹಲಗಿ ಜಾರ್ತು. ಈ ಬಲ ಹೆಗಲ ಮ್ಯಾಲ ಬಿದ್ದೆ. ಬಸ್ಯಾ ಆವಾಗ ಏಳನೇತ್ತೆ ಇದ್ದ. ಮುಕಾದಮಗ ಗೊತ್ತಾದ್ರ ಗ್ಯಾಂಗಿನಿಂದ ತೆಗೀತಿದ್ದ. ಎದ್ದು ಮತ್ತ ಹೊತ್ತೆ. ಆವಾಗಿಂದ ಈ ಕೈ ಮ್ಯಾಲ ಏಳಲ್ಲ.”

ಮರಿಲಿಂಗಮ್ಮನ ತಲೆಯಲ್ಲಿ ಇಪ್ಪತ್ತು ವರ್ಷ ಒಮ್ಮೆಲೇ ಹೊರಳಿತು. ಗಂಡ ರುಮಾಲು ಸುತ್ತುವುದನ್ನು ಬಿಟ್ಟು ಟೊಪ್ಪಿಗೆ ಹಾಕತೊಡಗಿದ್ದು ಬಸ್ಯಾ ಏಳನೆಯ ತರಗತಿ ಇದ್ದಾಗಲೇ. ಮುದುಕಗೆ ಶೋಕಿ ಬಂದದ ಎಂದು ನೆಂಟರ ಮುಂದೆಲ್ಲ ಆಡಿ ನಕ್ಕಿದ್ದಳು. ಅವನೂ ನಕ್ಕಿದ್ದ. ರುಮಾಲು ಸುತ್ತಲು ಎರಡೂ ಕೈ ತಲೆಯ ಮೇಲೆ ಹೋಗಬೇಕಲ್ಲ!

ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. ಸಿಟ್ಟು ಬಂದಿತ್ತೋ ಅಳು ಬಂದಿತ್ತೋ ಅವಳಿಗೇ ತಿಳಿಯಲಿಲ್ಲ.

“ಇಪ್ಪತ್ತು ವರ್ಷ! ನನಗ್ಯಾಕ ಹೇಳ್ಲಿಲ್ರಿ?”

“ನೀ ಯಾವಾಗ ಕೇಳಿದಿ?” ಎಂದ ಬಸವಂತ್ರಾಯ.

ಸಿಟ್ಟಿನಿಂದ ಅಂದದ್ದಲ್ಲ, ಇದ್ದದ್ದನ್ನು ಇದ್ದಂತೆ ಅಂದದ್ದು. ಅವಳಿಗೆ ಯಾದಗಿರಿಯ ಮೇಡಂ ತನ್ನನ್ನು ಕೇಳಿದಾಗ ತನಗಾದ ಸುಖ ನೆನಪಾಯಿತು. ಆ ಸುಖವನ್ನು ತಾನು ಈ ಮನುಷ್ಯನಿಗೆ ಒಂದು ದಿನವೂ ಕೊಟ್ಟಿರಲಿಲ್ಲ. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಿಟ್ಟಾಯಿತು.

ಒಳಗಿನಿಂದ ನಂದಿನಿ ಅಂಜುತ್ತಲೇ ಕೇಳಿದಳು. “ಅತ್ತೀ, ಕೈ ಎಲ್ಲಿತನಕ ಏಳ್ತದ ಕೇಳ್ರಿ.”

“ನನಗ್ಯಾಕ ಕೇಳ್ತಿ?” ಎಂದಳು ಮರಿಲಿಂಗಮ್ಮ. “ನನಗೇನೂ ಗೊತ್ತಿಲ್ಲವ್ವ. ಅವ್ರು ಇಲ್ಲೇ ಕುಂತಾರ. ಹೊರಗ ಬಾ. ಅವರಿಗೇ ಕೇಳು.”

ನಂದಿನಿ ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲು ದಾಟಿ ಬಂದಳು. ಕಟ್ಟೆಯ ಕೆಳಗಿನ ಮೆಟ್ಟಿಲಲ್ಲಿ ಕೂತಳು.

“ಮಾವ, ಕೈ ಎಲ್ಲಿತನಕ ಏಳ್ತದ್ರಿ? ಜರಾ ಎತ್ರಿ, ನೋಡ್ತೀನಿ.”

ಬಸವಂತ್ರಾಯ ಚಹಾದ ಬಟ್ಟಲು ಕೆಳಗಿಟ್ಟು ಅವಳ ಕಡೆ ತಿರುಗಿ ಬಲಗೈ ಎತ್ತಿದ. ಅದು ಭುಜದ ಮಟ್ಟಕ್ಕೆ ಬಂದು ನಡುಗಿ ನಿಂತಿತು.

“ಸಾಕ್ರಿ, ಬಿಡ್ರಿ. ಇದಕ್ಕ ನಾ ಈಗೇ ಏನೂ ಮಾಡಸಂಗಿಲ್ಲ. ಮೊದಲ ದವಾಖಾನಿಗಿ ತೋರಿಸ್ಬೇಕು. ಡಾಕ್ಟರ್ ಚೀಟಿ ಕೊಟ್ಟ ಮ್ಯಾಲೇ ನನ್ನ ಕೆಲಸ.”

“ಇವತ್ತೇ ಹೋಗಬೇಕೇನವ್ವ?”

“ಇವತ್ತೇ ರಿ.”

“ಆಯ್ತು. ಉಳಿದದ್ದು ಕೇಳಿ ಮುಗಿಸು.”

ಇನ್ನೂ ಇಪ್ಪತ್ತು ಚಿಲ್ಲರೆ ಪ್ರಶ್ನೆ ಉಳಿದಿದ್ದವು. ಮರಿಲಿಂಗಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಹೊರಗೆ ಸೊಸೆ ಕೇಳುತ್ತಿದ್ದಳು, ಗಂಡ ಹೇಳುತ್ತಿದ್ದ. ಬಡಿಯುವ ಸದ್ದಿನಲ್ಲಿ ಅವನ ಮಾತು ಸರಿಯಾಗಿ ಕೇಳಿಸಲಿಲ್ಲ. ಅವಳು ಕೈ ನಿಲ್ಲಿಸಿದಳು.